ಖಡ್ಗಮೃಗದ ನಾಲ್ಕಾಣೆ

ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದ ಸಂಸ್ಥೆಯನ್ನು 1906ರಲ್ಲಿ ಉಡುಪಿಯಲ್ಲಿ ಕಟ್ಟಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಅವರ ಮನೆಯ ನಾಣ್ಯ ಸಂಗ್ರಹಾಲಯ ನೋಡಿ ಬಂದ ಮೇಲೆ ನನಗೂ ನಾಣ್ಯದ ಹುಚ್ಚು ಹಿಡಿಯಿತು.

"ಎಲ್ಲವನ್ನೂ ಸೇರಿಸಲು ಹೋಗಬೇಡ, ಒಂದನ್ನು ಹಿಡಿದು ಮುಗಿಸು" ಎಂದರು ಕಾಪುವಿನ ಅಜ್ಜ. ಅವರ ಹಳೆಯ ಅಂಗಡಿಯ ಡಬ್ಬದಲ್ಲಿ ಖಡ್ಗಮೃಗದ ಚಿತ್ರವಿರುವ 25 ಪೈಸೆಗಳಿದ್ದವು. ಅದನ್ನೇ ಹಿಡಿದೆ.

ಇವು 1988ರಿಂದ 2002ರವರೆಗಿನ ನಾಣ್ಯಗಳು. ಇಸವಿಯ ಕೆಳಗೆ ವಜ್ರದ ಆಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ ಟಂಕಸಾಲೆ. ಮೊದಲು ಇಸವಿ, ಟಂಕಸಾಲೆಗಳ ಪಟ್ಟಿ ಬರೆದು ಸಿಕ್ಕಿದ್ದಕ್ಕೆ ಗುರುತು ಹಾಕಿದೆ. 2011ರ ಜೂನ್ 30ರಿಂದ ಇವಕ್ಕೆ ಚಲಾವಣೆಯಿಲ್ಲ. ಹಾಗಾಗಿ ಮನೆಮನೆಯ ಡಬ್ಬಗಳೇ ಗತಿ. ಹೆಚ್ಚಿಗೆ ಇದ್ದವನ್ನು ವಿನಿಮಯಕ್ಕೆ ಇಟ್ಟೆ. ದುಡ್ಡು ಕೊಟ್ಟು ಕೊಳ್ಳುವುದು ಕೊನೆಗೆ.

ತಿಂಗಳುಗಟ್ಟಲೆ ಹುಡುಕಿದ್ದ ನೋಯ್ಡಾದ ಒಂದು ನಾಣ್ಯ ಕಾರ್ಕಳದ ಗೆಳೆಯನ ಮನೆಯಲ್ಲಿ ಸಿಕ್ಕಿತು. ಅವನಿಗೆ ಚುಕ್ಕೆಯ ವಿಷಯ ಗೊತ್ತಿರಲಿಲ್ಲ. ನಾನೂ ಹೇಳದೆ, ನನ್ನಲ್ಲಿ ಹತ್ತಾರಿದ್ದ ಮುಂಬೈಯದನ್ನು ಕೊಟ್ಟು ಬದಲಾಯಿಸಿಕೊಂಡೆ. ಹೆಮ್ಮೆಯಿಂದ ಹೇಳಿದಾಗ ಅಜ್ಜ ಕೇಳಿದ್ದು ಒಂದೇ ಮಾತು: "ಅವನಿಗೆ ಗೊತ್ತುಂಟಾ?"

ಮರುವಾರ ಬಸ್ ಹತ್ತಿ ಕಾರ್ಕಳಕ್ಕೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ನಾಣ್ಯ ಮುಂದಿಟ್ಟೆ. ಅವನು ನಕ್ಕು ಅದನ್ನು ಜೇಬಿಗೆ ಹಾಕಿಕೊಂಡ. ಈಗ ಅವನೂ ಒಂದು ಪಟ್ಟಿ ಶುರುಮಾಡಿದ್ದಾನೆ!

ನನ್ನ ಪಟ್ಟಿಯಲ್ಲಿ ಆ ಜಾಗ ಇನ್ನೂ ಖಾಲಿ. ಗೆಳೆಯರೇ, ನಿಮ್ಮ ಮನೆಯ ಡಬ್ಬದಲ್ಲಿ ಚುಕ್ಕೆಯ ನಾಲ್ಕಾಣೆ ಇದ್ದರೆ ತಿಳಿಸಿ. ಅದು ನನಗೆ ಯಾಕೆ ಬೇಕೆಂದು ಈ ಸಲ ಮೊದಲೇ ಹೇಳಿದ್ದೇನೆ.