ಅರವತ್ತರ ಹೊಸ್ತಿಲಲ್ಲಿ ಸರಳೆ ವರಸೆ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿ ಹೇಳಿ, ಕೊನೆಗೆ ನಾವು ನಮಗೇ ಹೇಳಿಕೊಳ್ಳತೊಡಗುತ್ತೇವೆ, ಅಲ್ಲವೇ? ಸಂಗೀತದ ಮಾತು ಬಂದರಂತೂ ಮುಗಿದೇಹೋಯಿತು. "ಅಯ್ಯೋ, ಈ ವಯಸ್ಸಿನಲ್ಲಿ ಎಲ್ಲಿ ಬಿಡ್ರೀ! ಗಂಟಲು ಹೋಯ್ತು, ಉಸಿರು ಹೋಯ್ತು. ಇನ್ನೇನಿದ್ರೂ ಮೊಮ್ಮಕ್ಕಳು ಕಲೀಲಿ" ಎನ್ನುತ್ತೇವೆ.

ಆದರೆ ಸೋದರಿಯರೇ, ಸರಳೆ ವರಸೆ, ಜಂಟಿ ವರಸೆಗಳನ್ನು ಕ್ರಮಪಡಿಸಿದವರೆಂದು ನಾವು ನೆನೆಯುವ ಪುರಂದರದಾಸರ ಕಥೆಯನ್ನೇ ನೋಡಿ. ಅವರು ವ್ಯಾಪಾರ ಬಿಟ್ಟು ದಾಸರಾದದ್ದು ನಡುವಯಸ್ಸಿನಲ್ಲಿ, ಅದೂ ಹೆಂಡತಿಯ ಮೂಗುತಿಯ ನೆಪದಿಂದ ಎಂದು ಹಿರಿಯರು ಹೇಳುತ್ತಾರೆ. ಮೂಗುತಿಯೇ ಅಷ್ಟು ಮಾಡಿದ ಮೇಲೆ, ಮೂಗುತಿ ತೊಟ್ಟವಳು ಹಾಡಬಾರದೇ?

ನಾನು ಹುಡುಗಿಯಾಗಿದ್ದಾಗ ಗೀತೆಗಳವರೆಗೆ ಕಲಿತಿದ್ದೆ. 1983ರಲ್ಲಿ ಮದುವೆಯಾಗಿ ಕಡೂರಿಗೆ ಬಂದೆ. ತುಂಬಿದ ಮನೆ, ಮಂಗಳಾರತಿಗೊಂದು ಹಾಡು ಬಿಟ್ಟರೆ ಬೇರೆ ಹಾಡಿಗೆ ಪುರುಸೊತ್ತೂ ಇರಲಿಲ್ಲ, ಹಾಡು ಅಂದವರೂ ಇರಲಿಲ್ಲ. ಹಾರ್ಮೋನಿಯಂ ಅಟ್ಟ ಸೇರಿತು. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಕೂತಾಗ, ಸಂಗೀತದ ಗುರುಗಳು ಫೋನಿನಲ್ಲೇ ಪಾಠ ಶುರು ಮಾಡಿದರು ನೋಡಿ, ಮರುವರ್ಷ ಮಗಳೇ ನನ್ನನ್ನು ಒಂದು ತರಗತಿಗೆ ಸೇರಿಸಿದಳು. ನನಗಾಗ 59. ಪಾಠ ಹೇಳುವಾಕೆ ಮೈಸೂರಿನ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ನಾನು ಆಕೆಯನ್ನು "ಮಿಸ್" ಅಂತೀನಿ, ಆಕೆ ನನ್ನನ್ನು "ಅಮ್ಮಾ" ಅಂತಾಳೆ. ಇಬ್ಬರಿಗೂ ಅದರಲ್ಲಿ ತೊಂದರೆಯಿಲ್ಲ.

ಹಿಂದೆ ಐದೂವರೆ ಮನೆ ಶ್ರುತಿಯಲ್ಲಿ ಹಾಡುತ್ತಿದ್ದೆ. ವಯಸ್ಸಾದಂತೆ ಹೆಂಗಸರ ದನಿ ಸಾಮಾನ್ಯವಾಗಿ ಇಳಿಯುತ್ತದೆ. "ನಾಲ್ಕಕ್ಕೆ ಇಳಿಸಿ ಅಮ್ಮಾ, ಮೇಲಿನ ಸ ತನಕ ಆರಾಮಾಗಿ ಹೋಗ್ತೀರಿ" ಎಂದಳು ಮಿಸ್. ಹೋದೆ.

ಫೋನಿನ ಪಾಠಕ್ಕೆ ಅದರದೇ ಆದ ಕಷ್ಟಗಳಿವೆ. ದನಿ ಹೋಗಿ ಬರುವಷ್ಟರಲ್ಲಿ ಚೂರು ತಡವಾಗುವುದರಿಂದ ಗುರು-ಶಿಷ್ಯರು ಒಟ್ಟಿಗೆ ಹಾಡುವಂತಿಲ್ಲ. ತಾಳ ತಪ್ಪಿದಂತೆ ಕೇಳುತ್ತದೆ. ಆಕೆ ಹಾಡಬೇಕು, ನಾವು ಮೈಕು ಮುಚ್ಚಿಕೊಂಡು ಅನುಸರಿಸಬೇಕು, ಆಮೇಲೆ ಒಬ್ಬೊಬ್ಬರೇ ಒಪ್ಪಿಸಬೇಕು. ತಂಬೂರಿಯ ನಾದವನ್ನು ಫೋನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುವುದೂ ಉಂಟು! ಸದ್ದು ಸೋಸುವ ಆ ಸೌಲಭ್ಯವನ್ನು ಮೊದಲೇ ಆರಿಸಬೇಕು.

ಇನ್ನು ನನ್ನ ಸಹಪಾಠಿಗಳು. ಒಬ್ಬರು ಶಿರಸಿಯ ನಿವೃತ್ತ ಶಿಕ್ಷಕಿ. ಇನ್ನೊಬ್ಬರು ಅಮೆರಿಕದ ಪೂರ್ವ ಕರಾವಳಿಯಲ್ಲಿರುವ, ದಾದಿಯಾಗಿ ನಿವೃತ್ತರಾದ 67ರ ಹೆಂಗಸು; ಆ ದೇಶದವರೇ. ನಮಗೆ ಬೆಳಗಿನ ಆರು ಗಂಟೆಯಾದರೆ ಅವರಿಗೆ ಹಿಂದಿನ ರಾತ್ರಿ ಎಂಟೂವರೆ. ಚಳಿಗಾಲದಲ್ಲಿ ಅಲ್ಲಿ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಏಳೂವರೆ. ಬಹಳ ವರ್ಷ ಚರ್ಚಿನಲ್ಲಿ ಹಾಡಿದವರು. ಅಲ್ಲಿ ಪಿಯಾನೋ ಇದ್ದಲ್ಲೇ ಸ್ವರ. "ನಿಮ್ಮ 'ಸ' ಎಲ್ಲಿರುತ್ತದೆ?" ಎಂದು ಕೇಳಿದರು. ಹಾಡುವವರ ಗಂಟಲಿಗೆ ಎಲ್ಲಿ ಹಿತವೋ ಅಲ್ಲಿ ಎಂದು ಮಿಸ್ ಹೇಳಿದಾಗ ಅವರಿಗೆ ಪರಮಾಶ್ಚರ್ಯ!

ನಮ್ಮ ಮೊದಲ ಪಾಠದ ಮಾಯಾಮಾಳವಗೌಳ ಅವರನ್ನು ಬಹಳ ದಿನ ಕಾಡಿತು. ಅವರ ಕಿವಿಗೆ ರೂಢಿಯಾದದ್ದು ನಮ್ಮ ಶಂಕರಾಭರಣವನ್ನು ಹೋಲುವ ಸ್ವರಗಳು. ರಿ, ದ ಎರಡೇ ಬೇರೆ. ಮಾಯಾಮಾಳವಗೌಳದಲ್ಲಿ ಸ-ರಿ, ಗ-ಮ, ಪ-ದ, ನಿ-ಸ ಹೀಗೆ ಜೋಡಿ ಜೋಡಿಯಾಗಿ ಅಂಟಿಕೊಂಡಿವೆ, ಒಂದೇ ಗೋಡೆಯ ಎರಡು ಮನೆಗಳಂತೆ. ಹುಡುಗಿಯಾಗಿದ್ದಾಗಿನಿಂದ ಹಾಡಿದ್ದರೂ ಆಕೆ ತಡವರಿಸುವುದನ್ನು ಕೇಳುವವರೆಗೆ ನಾನಿದನ್ನು ಗಮನಿಸಿರಲಿಲ್ಲ. ಹೊಟ್ಟೆಯಿಂದ ಉಸಿರು ತೆಗೆಯುವುದನ್ನು ಆಕೆ ನನಗೆ ಹೇಳಿಕೊಟ್ಟರು. ಆದಿತಾಳಕ್ಕೆ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಎರಡು ಸಲ ಪೆಟ್ಟು-ಹುಸಿ ಎಂದು ನಾನು ಅವರಿಗೆ ಹಾಕಿ ತೋರಿಸಿದೆ. ನನ್ನ ಇಂಗ್ಲಿಷು ಎಷ್ಟು ಮಾತ್ರದ್ದು? ಬೆರಳು ಸಾಕಾಯಿತು.

ಸ್ವರಕ್ಕಿಂತ ಕಷ್ಟವಾದದ್ದು ಆ ಒಂದು ಗಂಟೆಯನ್ನು ಉಳಿಸಿಕೊಳ್ಳುವುದು. ಬೆಳಗಿನ ಆರು ಅಂದರೆ ಹಾಲು, ಡಿಕಾಕ್ಷನ್ನು, ಎಜಮಾನರ ಮಾತ್ರೆ. ಮೊದಮೊದಲು ಎಜಮಾನರು ಬಾಗಿಲು ತಳ್ಳಿ, "ಲೇ, ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀಯೇ?" ಅನ್ನೋರು. ನಾನು ಎದ್ದು ಹೋಗೋಳು. ಅಷ್ಟರಲ್ಲಿ ನನ್ನ ಸರದಿ ಮುಗಿದಿರೋದು. ಒಂದು ದಿನ ಏಳಲಿಲ್ಲ. ತಾಳ ಹಾಕುತ್ತಲೇ ಕೂತೆ. ಎದೆ ಡವಗುಟ್ಟುತ್ತಿತ್ತು ಅಂದರೆ ನಗಬೇಡಿ. ಮದುವೆಯಾದಂದಿನಿಂದ ಆ ಮನೆಯಲ್ಲಿ ಕರೆದಾಗ ನಾನು ಏಳದೇ ಇದ್ದದ್ದು ಅದೇ ಮೊದಲು. ಸಕ್ಕರೆ ಅವರಿಗೇ ಸಿಕ್ಕಿತು. ಈಗ ಡಿಕಾಕ್ಷನ್ನೂ ಅವರೇ ಹಾಕುತ್ತಾರೆ, ಸ್ವಲ್ಪ ತೆಳು. ನನ್ನ ಹಾಡನ್ನು ಹೊಗಳಿದ್ದೇನೂ ಇಲ್ಲ. ಬಾಗಿಲು ಮಾತ್ರ ಮುಚ್ಚಿಯೇ ಇರುತ್ತದೆ.

ನಿಮಗೂ ಆಸೆಯಿದ್ದರೆ ಈ ನಾಲ್ಕು ಮಾತು ನೆನಪಿಡಿ. ಕೀರ್ತನೆಗೆ ಅವಸರಪಡಬೇಡಿ, ವರಸೆಗಳಿಂದಲೇ ಹೊರಡಿ. ತಂತಿಯಿರುವ ಇಯರ್‌ಫೋನ್ ಬಳಸಿ. ತಂತಿಯಿಲ್ಲದ್ದು ದನಿಯನ್ನು ಮತ್ತಷ್ಟು ತಡ ಮಾಡುತ್ತದೆ. ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮೇಲು. ದನಿ ಒಡೆದು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಷಾಯ ನಂಬಿ ಕೂರದೆ ವೈದ್ಯರಿಗೆ ತೋರಿಸಿ.

ಕಚೇರಿ ಮಾಡುತ್ತೀರಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ ಅನ್ನಿ. ನಾಳೆ ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು, ನಿಮ್ಮ ಗಂಟಲಿಗೆ ಹಿತವಾದ ಕಡೆ 'ಸ' ಒಂದನ್ನೇ ಹಿಡಿದು ನೋಡಿ. ಹಾಲು ಉಕ್ಕುವುದರೊಳಗೆ ಮೊದಲ ಪಾಠ ಮುಗಿದಿರುತ್ತದೆ.