ನನ್ನ ಪಾಳಿ ಯಾವಾಗ?

ಕಳೆದ ಬೇಸಿಗೆಯ ರಜೆಗೆ ಮೊಮ್ಮಕ್ಕಳು ಹುಬ್ಬಳ್ಳಿಯಿಂದ ಸವಣೂರಿಗೆ ಬಂದಾಗ ಒಂದು ದಪ್ಪ ಪುಸ್ತಕವನ್ನೂ ಹಲವು ಮುಖಗಳ ದಾಳಗಳನ್ನೂ ತಂದಿದ್ದರು. ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಒಬ್ಬನು ಕಥೆ ಹೇಳುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಎಂದು ಒಂದೊಂದು ಪಾತ್ರವಾಗಿ, ತಾವೇನು ಮಾಡುವೆವೆಂದು ಹೇಳಿ ದಾಳ ಉರುಳಿಸುತ್ತಾರೆ. ಇಲ್ಲಿ ಆಟಗಾರರು ಪರಸ್ಪರ ಎದುರಾಳಿಗಳಲ್ಲ. ಗೆದ್ದರೂ ಸೋತರೂ ಎಲ್ಲರೂ ಒಟ್ಟಿಗೆ.

ಹಿರಿಯ ಮೊಮ್ಮಗ ಕಥೆಗಾರ. ನಮ್ಮೂರಿನ ದೊಡ್ಡಹುಣಸೆ ಮರಗಳಂಥ ಭಾರೀ ಮರಗಳ ನಡುವೆ ಒಂದು ಕೋಟೆಯನ್ನು ಅವನು ಕಲ್ಪಿಸಿದ್ದ. ಮೊಮ್ಮಗಳದು ಕಳ್ಳಿಯ ಪಾತ್ರ. ಹತ್ತು ವರ್ಷದ ಕಿರಿಯವನು ಯೋಧ, ಪಕ್ಕದ ಮನೆಯ ಹುಡುಗ ಮಾಂತ್ರಿಕ. ಗಾಯ ವಾಸಿಮಾಡುವ ಪುರೋಹಿತನ ಪಾತ್ರ ನನ್ನ ಪಾಲಿಗೆ ಬಂತು. ನಡುವೆ ಒಂದು ತಟ್ಟೆ ಸವಣೂರ ಖಾರಾ.

“ನಾ ಒಬ್ಬಾಕಿನ ಹೋಗಿ ನೋಡ್ಕೊಂಡ್ ಬರ್ತೀನಿ, ನೀವೆಲ್ಲಾ ಇಲ್ಲೇ ಇರ್ರಿ” ಎಂದಳು ಮೊಮ್ಮಗಳು. ಅಲ್ಲಿಂದ ಅರ್ಧ ಗಂಟೆ ಆಟವೆಲ್ಲ ಅವಳೊಬ್ಬಳದೇ. ಗೋಡೆ ಹತ್ತಿದಳು, ಬೀಗ ತೆಗೆದಳು, ಕಾವಲುಗಾರರ ಮಾತು ಕದ್ದು ಕೇಳಿದಳು. ನಾವು ಮೂವರು ಖಾರಾ ತಿನ್ನುತ್ತ ಕುಳಿತೆವು. ಕೊನೆಗೆ ಕಿರಿಯವನು ನನ್ನ ತೋಳು ಜಗ್ಗಿ ಕೇಳಿದ: “ಅಜ್ಜಾ, ನನ್ನ ಪಾಳಿ ಯಾವಾಗ ಬರ್ತದ?”

ಎಲ್ಲರೂ ಕೂಡಿಯೇ ನುಸುಳಲಿ ಎಂದರೆ ಲೆಕ್ಕ ಅಡ್ಡ ಬರುತ್ತದೆ. 20 ಮುಖಗಳ ದಾಳದಲ್ಲಿ 7 ಅಥವಾ ಹೆಚ್ಚು ಬಿದ್ದರೆ ಸಪ್ಪಳವಾಗದು ಎಂದಿಟ್ಟುಕೊಳ್ಳೋಣ. ಒಬ್ಬರಿಗೆ ಗೆಲ್ಲುವ ಸಾಧ್ಯತೆ ನೂರಕ್ಕೆ 70. ಆದರೆ ನಾಲ್ವರೂ ಗೆಲ್ಲಲೇಬೇಕೆಂದರೆ 0.7ನ್ನು ನಾಲ್ಕು ಸಲ ಗುಣಿಸಬೇಕು. ಉಳಿಯುವುದು ನೂರಕ್ಕೆ 24 ಮಾತ್ರ. ಜಾಣ ಕಳ್ಳಿ ಒಂಟಿಯಾಗಿ ಹೊರಡುವುದು ಸ್ವಾರ್ಥದಿಂದಲ್ಲ, ಲೆಕ್ಕವೇ ಅವಳನ್ನು ಹಾಗೆ ಕಳಿಸುತ್ತದೆ.

ಈ ತೊಡಕು ಹಳೆಯದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಪ್ರಕಟಿಸಿದಾಗ ಅದರಲ್ಲಿ ಕಳ್ಳನಿರಲಿಲ್ಲ. 1975ರ ಪುರವಣಿಯಲ್ಲಿ ಬಂದ. 2014ರ ಐದನೆಯ ಆವೃತ್ತಿಯ ಎರಡು ನಿಯಮಗಳು ನನಗೆ ಬಹಳ ಹಿಡಿಸಿದವು. ಒಂದು, ಗುಂಪಾಗಿ ಮಾಡುವ ಕೆಲಸದಲ್ಲಿ ಅರ್ಧದಷ್ಟು ಜನ ಗೆದ್ದರೆ ಇಡೀ ಗುಂಪು ಗೆದ್ದಂತೆ. ಅದೇ ನಾಲ್ವರಿಗೆ ಈಗ ಸಾಧ್ಯತೆ ನೂರಕ್ಕೆ ಸುಮಾರು 92! ಕಳ್ಳಿಯ ಗೆಲುವು ಕವಚ ತೊಟ್ಟ ಯೋಧನ ಸೋಲನ್ನು ಮುಚ್ಚುತ್ತದೆ. ಇನ್ನೊಂದು, ಕಳ್ಳಿ ತನ್ನ ವಿಶೇಷ ಪೆಟ್ಟು ಹೊಡೆಯಲು ಅಡಗಿರಲೇಬೇಕೆಂದಿಲ್ಲ. ಶತ್ರುವಿನ ಪಕ್ಕದಲ್ಲಿ ಅವಳ ಸಂಗಾತಿಯೊಬ್ಬನು ನಿಂತಿದ್ದರೂ ಸಾಕು. ಅವಳ ಜಾಣ್ಮೆಯನ್ನು ನಿಯಮವು ಕುಗ್ಗಿಸಲಿಲ್ಲ, ಇನ್ನೊಬ್ಬರ ಜೊತೆ ಕಟ್ಟಿಹಾಕಿತು.

ಇದನ್ನು ಓದಿಸಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಟೆವು. ಯೋಧನ ದಾಳದಲ್ಲಿ 3 ಬಿತ್ತು, ನನ್ನದರಲ್ಲಿ 5. ಉಳಿದಿಬ್ಬರೂ ಗೆದ್ದುದರಿಂದ ಕೋಟೆಯೊಳಗೆ ಸೇರಿದೆವು. ಕಿರಿಯವನ ಮುಖ ನೋಡಬೇಕಿತ್ತು.

ಅಂದು ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ನಾನು ಗಣಿತ ಕಲಿಸುತ್ತಿದ್ದಾಗ ಒಂದು ತಂಡದಲ್ಲಿ ಅತಿ ಚುರುಕಿನ ಹುಡುಗನೊಬ್ಬನಿದ್ದ. ಪ್ರಶ್ನೆ ಮುಗಿಯುವ ಮೊದಲೇ ಅವನ ಕೈ ಮೇಲೇಳುತ್ತಿತ್ತು. ಇನ್‌ಸ್ಪೆಕ್ಟರು ಬಂದ ದಿನ ನಾನು ಅವನನ್ನೇ ಎಬ್ಬಿಸುತ್ತಿದ್ದೆ. ಶಾಲೆಯ ಮಾನ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಗೃಹಸ್ಥರೊಬ್ಬರು ಕಾಲಿಗೆರಗಿದರು. ಗುರುತು ಹತ್ತಲಿಲ್ಲ. “ಮೂರು ವರ್ಷ ನಿಮ್ಮ ಕ್ಲಾಸಿನ್ಯಾಗ ಇದ್ದೆ ಸರ್. ನೀವು ನನ್ನ ಹೆಸರು ಒಮ್ಮೆನೂ ಕರೀಲಿಲ್ಲ” ಎಂದು ನಗುತ್ತಲೇ ಹೇಳಿದರು. ನಾನೂ ನಕ್ಕೆ, ಆದರೆ ಆ ಮಾತು ಒಳಗೆ ಉಳಿಯಿತು.

ಚುರುಕಿನ ಹುಡುಗನದು ತಪ್ಪಲ್ಲ. ಅವನನ್ನು ಸುಮ್ಮನೆ ಕೂರಿಸುವುದೂ ಪರಿಹಾರವಾಗಿರಲಿಲ್ಲ. ಅವನ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ, ಇಬ್ಬರೂ ಕೂಡಿ ಉತ್ತರ ಹೇಳಿರಿ ಎನ್ನುವ ನಿಯಮವನ್ನು ನಾನು ಮಾಡಬೇಕಿತ್ತು. ಬಿ.ಎಡ್. ಓದಿದವನಿಗೆ ಅದು ತಿಳಿಯದ ಸಂಗತಿಯೇನೂ ಅಲ್ಲ. ಮಾಡಲಿಲ್ಲ, ಅಷ್ಟೆ.

ಪ್ರಿಯ ವಿದ್ಯಾರ್ಥಿಗಳೇ, ನನ್ನ ತರಗತಿಯಲ್ಲಿ ಪಾಳಿಗಾಗಿ ಕಾದು ಕುಳಿತವರು ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಕ್ಷಮಿಸಿರಿ. ಸವಣೂರಿನ ಕಡೆ ಬಂದಾಗ ಮನೆಗೆ ಬನ್ನಿ. ಮೊದಲು ನಿಮ್ಮ ಹೆಸರು ಹೇಳಿರಿ. ಈ ಸಲ ಮರೆಯಲಾರೆ.