ಸೇತುವೆಯ ಬದಿಯ ಕಲ್ಲುದೊಡ್ಡಿ

ದಾನವು ಕೈಬಿಟ್ಟು ಹೋದ ಮೇಲೂ ದಾನಿಯ ಮನಸ್ಸು ಅದರ ಬೆನ್ನು ಹತ್ತಿ ನಡೆಯುವುದುಂಟು. ಕೊಟ್ಟ ದ್ರವ್ಯ ಬಸದಿಗೆ ಸಲ್ಲುತ್ತದೆ. ಕೊಟ್ಟೆನೆಂಬ ಭಾವ ಮಾತ್ರ ಮನೆಯಲ್ಲಿಯೇ ಉಳಿಯುತ್ತದೆ. ಈ ಮಾತನ್ನು ಉತ್ತರ ಕರ್ನಾಟಕದ ಜವಳಿ ವರ್ತಕರೊಬ್ಬರು ಅನೇಕ ಸಲ ಕೇಳಿದ್ದರು. ಅದು ಅವರ ಅಂತಃಕರಣವನ್ನು ತಟ್ಟಿದ್ದು ಇಂಗ್ಲೆಂಡಿನ ಒಂದು ಹಳ್ಳಿಯ ಹೊಳೆಯ ದಂಡೆಯಲ್ಲಿ.

ಡರ್ಬಿ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಆ ದಂಪತಿಗಳು ಬಂದಿದ್ದರು. ಅವರ ಒಬ್ಬಳೇ ಮಗಳು ಮೂರು ವರ್ಷಗಳ ಹಿಂದೆ, ಇಪ್ಪತ್ತು ತುಂಬಿದ ಕೆಲವೇ ದಿನಗಳಲ್ಲಿ, ಅಲ್ಪಕಾಲದ ಕಾಯಿಲೆಯಿಂದ ತೀರಿಕೊಂಡಿದ್ದಳು. ಅವಳ ಸ್ಮರಣಾರ್ಥ ಊರ ಬಸದಿಯ ಸಭಾಮಂಟಪಕ್ಕೆ ನೆಲಹಾಸು ಮಾಡಿಸಿಕೊಡಲು ವರ್ತಕರು ಒಪ್ಪಿದ್ದರು. ಬಾಗಿಲ ಬಳಿ ಇಡಬೇಕಾದ ಕರಿಯ ಶಿಲಾಫಲಕದ ಬರಹ ಅವರ ಕಿಸೆಯಲ್ಲಿಯೇ ಇತ್ತು. ಮೇಲೆ ಮಗಳ ಹೆಸರು. ಕೆಳಗೆ, ಅದಕ್ಕಿಂತ ದಪ್ಪಕ್ಷರಗಳಲ್ಲಿ, ಅಂಗಡಿಯ ಹೆಸರು. ಪತ್ನಿ ಅದನ್ನು ಓದಿ ಮೌನವಾಗಿದ್ದರು. "ಎಲ್ಲರೂ ಹೀಗೆಯೇ ಬರೆಯಿಸುತ್ತಾರೆ" ಎಂದು ಪತಿ ಹೇಳಿದ ಮೇಲೂ ಆ ಮೌನ ಮುರಿಯಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಮಗ ಅವರನ್ನು ಆಶ್‌ಫರ್ಡ್-ಇನ್-ದಿ-ವಾಟರ್ ಎಂಬ ಹಳ್ಳಿಗೆ ಕರೆದೊಯ್ದನು. ಡರ್ಬಿಶೈರ್ ಪ್ರಾಂತದ ಬೇಕ್‌ವೆಲ್ ಪಟ್ಟಣದಿಂದ ಎರಡು ಮೈಲಿ ದೂರದಲ್ಲಿ, ವೈ ನದಿಯ ದಡದಲ್ಲಿ ಈ ಊರಿದೆ. ಇದು 1951ರಲ್ಲಿ ಸ್ಥಾಪಿತವಾದ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದೊಳಗಿನ ಗ್ರಾಮ. ಸುಣ್ಣಕಲ್ಲಿನ ಮನೆಗಳು, ಪುಟ್ಟ ಹೂದೋಟಗಳು, ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರು. ಆ ನೀರಿನಲ್ಲಿ ಪ್ರವಾಹಕ್ಕೆ ಎದುರಾಗಿ ನಿಶ್ಚಲವಾಗಿ ನಿಂತ ಟ್ರೌಟ್ ಮೀನುಗಳು. ಅವುಗಳನ್ನು ನೋಡುತ್ತ ದಂಪತಿಗಳು ಬಹಳ ಹೊತ್ತು ನಿಂತರು.

ಅವರು ನಿಂತದ್ದು ಶೀಪ್‌ವಾಶ್ ಸೇತುವೆಯ ಮೇಲೆ, ಅಂದರೆ ಕುರಿ ತೊಳೆಯುವ ಸೇತುವೆ. ಹೇರುಕುದುರೆಗಳು ಸರಕು ಹೊತ್ತು ದಾಟಲೆಂದು 17ನೆಯ ಶತಮಾನದಲ್ಲಿ ಕಟ್ಟಿದ, ಮೂರು ಕಮಾನುಗಳ ಕಿರಿದಾದ ಕಲ್ಲುಸೇತುವೆ ಇದು. ಇದರ ಒಂದು ತುದಿಗೆ ಅಂಟಿಕೊಂಡಂತೆ ಕಲ್ಲುಗೋಡೆಯ ದೊಡ್ಡಿಯೊಂದಿದೆ. ಉಣ್ಣೆ ಕತ್ತರಿಸುವ ಮುನ್ನ ಕುರಿಗಳನ್ನು ಹೊಳೆಯಲ್ಲಿ ತೊಳೆಯುವುದು ಇಲ್ಲಿನ ಪದ್ಧತಿಯಾಗಿತ್ತು. ಶುಭ್ರವಾದ ಉಣ್ಣೆಗೆ ಬೆಲೆ ಹೆಚ್ಚು. ಆದರೆ ಕುರಿ ತಾನಾಗಿ ನೀರಿಗೆ ಇಳಿಯದು. ಅದಕ್ಕಾಗಿ ಮರಿಗಳನ್ನು ಒಂದು ದಡದ ದೊಡ್ಡಿಯಲ್ಲಿ ಕೂಡಿ, ತಾಯಿಕುರಿಗಳನ್ನು ಎದುರು ದಡದಿಂದ ನೀರಿಗೆ ನೂಕುತ್ತಿದ್ದರು. ಮರಿಯ ಕೂಗನ್ನು ಕೇಳಿದ ತಾಯಿ ಈಜಿ ಬಂದು ಮರಿಯನ್ನು ಸೇರುವಷ್ಟರಲ್ಲಿ ಉಣ್ಣೆ ಶುಭ್ರವಾಗಿರುತ್ತಿತ್ತು.

ವರ್ತಕರು ಈ ಉಪಾಯಕ್ಕೆ ತಲೆದೂಗಿದರು. "ಖರ್ಚಿಲ್ಲ, ಹೊಡೆತವಿಲ್ಲ, ಕೆಲಸವೂ ಕೆಟ್ಟಿಲ್ಲ. ಎಂಥ ಜಾಣತನ!" ಎಂದರು.

ಪತ್ನಿ ದೊಡ್ಡಿಯನ್ನೇ ನೋಡುತ್ತಿದ್ದರು. "ಅದು ಮರಿಗಾಗಿ ಈಜಿತು. ಉಣ್ಣೆಯ ಬೆಲೆ ಅದಕ್ಕೇನು ಗೊತ್ತು?" ಎಂದಷ್ಟೇ ನುಡಿದರು.

ಅಲ್ಲಿಂದ ಮೂವರೂ ಹೋಲಿ ಟ್ರಿನಿಟಿ ಚರ್ಚಿಗೆ ಹೋದರು. ಗೋಪುರದ ಕೆಳಭಾಗ ಪ್ರಾಚೀನವಾದದ್ದು. ಕಟ್ಟಡದ ಬಹುಭಾಗ 1868ರಿಂದ 1870ರ ಅವಧಿಯಲ್ಲಿ ಪುನರ್ನಿರ್ಮಿತವಾದದ್ದು. ಒಳಗೆ ಮೇಲ್ಗಡೆ ತೂಗುಹಾಕಿದ ನಾಲ್ಕು ವಸ್ತುಗಳು ಕಂಡವು. ಮರದ ಸಣ್ಣ ಚೌಕಟ್ಟಿಗೆ ಬಿಳಿಯ ಕಾಗದದ ಹೂಗಳನ್ನು ಕಟ್ಟಿದ ಮಾಲೆಗಳವು. ಮದುವೆಯಾಗದೆ ತೀರಿಕೊಂಡ ಕನ್ಯೆಯ ಶವಯಾತ್ರೆಯಲ್ಲಿ ಇಂಥ ಮಾಲೆಯನ್ನು ಮುಂದೆ ಹಿಡಿದು ನಡೆದು, ಬಳಿಕ ಚರ್ಚಿನಲ್ಲಿ ತೂಗುಹಾಕುವುದು ಹಿಂದಿನ ರೂಢಿ. ಅವಳ ಕೈಗವಸನ್ನೋ ಕರವಸ್ತ್ರವನ್ನೋ ಅದರೊಳಗೆ ಇಡುತ್ತಿದ್ದರು. ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದಲ್ಲಿ ಒಫೀಲಿಯಾಳ ಅಂತ್ಯಕ್ರಿಯೆಯ ಸಂದರ್ಭದಲ್ಲಿಯೂ ಈ ಮಾಲೆಯ ಪ್ರಸ್ತಾಪ ಬರುತ್ತದೆ. ಇಲ್ಲಿರುವವುಗಳಲ್ಲಿ ಅತ್ಯಂತ ಹಳೆಯದು 1747ರದು.

ಮಗನು ಇದನ್ನು ವಿವರಿಸುತ್ತ ನಡುವೆಯೇ ಮಾತು ನಿಲ್ಲಿಸಿದನು. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಊರಿನ ಮನೆಯ ಕಪಾಟಿನಲ್ಲಿ ಮಗಳ ಎರಡು ಗಾಜಿನ ಬಳೆಗಳನ್ನೂ ಒಂದು ಕರವಸ್ತ್ರವನ್ನೂ ಅವರು ಮಡಿಸಿಟ್ಟಿದ್ದುದು ಇತರರಿಗೆ ತಿಳಿಯದ ಸಂಗತಿಯೇನಲ್ಲ. ಯಾರೂ ಅದರ ಮಾತೆತ್ತುತ್ತಿರಲಿಲ್ಲ, ಅಷ್ಟೆ.

ಅದೇ ಚರ್ಚಿನಲ್ಲಿ ಆ ಊರಿನ ಕರಿಕಲ್ಲಿನ ಕುಸುರಿಯ ಮೇಜೊಂದಿದೆ. ಆಶ್‌ಫರ್ಡಿನ ಕಪ್ಪು ಅಮೃತಶಿಲೆ ಒಂದು ಕಾಲದಲ್ಲಿ ಪ್ರಸಿದ್ಧವಾಗಿತ್ತು. ಹೆನ್ರಿ ವಾಟ್ಸನ್ ಎಂಬವರು 1748ರಲ್ಲಿ ಹೊಳೆಯ ನೀರಿನ ಬಲದಿಂದ ಕಲ್ಲು ಕೊಯ್ದು ಹೊಳಪು ಕೊಡುವ ಕಾರ್ಖಾನೆಯನ್ನು ಇಲ್ಲಿ ಆರಂಭಿಸಿದರು. ಬಣ್ಣಬಣ್ಣದ ಕಲ್ಲುಚೂರುಗಳನ್ನು ಕೂಡಿಸಿ ಹೂಬಳ್ಳಿಗಳನ್ನು ರಚಿಸಿದ ಇಲ್ಲಿನ ಮೇಜುಗಳು 1851ರ ಲಂಡನ್ ಮಹಾಪ್ರದರ್ಶನದಲ್ಲಿಯೂ ಇದ್ದವು. 1905ರಲ್ಲಿ ಕಾರ್ಖಾನೆ ಮುಚ್ಚಿತು. ವಾಸ್ತವದಲ್ಲಿ ಇದು ಅಮೃತಶಿಲೆಯೇ ಅಲ್ಲ. ಡಾಂಬರಿನ ಅಂಶ ಬೆರೆತು ಬೂದುಬಣ್ಣ ತಳೆದ ಸುಣ್ಣಕಲ್ಲು, ಉಜ್ಜಿದಾಗ ಕಪ್ಪಾಗಿ ಮಿನುಗುತ್ತದೆ. ಮೂವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಡಲಿನಲ್ಲಿ ಬಾಳಿದ ಸಣ್ಣಪುಟ್ಟ ಜೀವಿಗಳ ಚಿಪ್ಪುಗಳೇ ಒತ್ತಿ ಗಟ್ಟಿಯಾಗಿ ಇಂಥ ಸುಣ್ಣಕಲ್ಲಾಗಿವೆ.

ವರ್ತಕರು ಮೇಜನ್ನು ಮೆಚ್ಚಿದರು. ಆ ಹೊಳಪಿನಲ್ಲಿ ತಮ್ಮ ಊರಿನ ಶಿಲಾಫಲಕವನ್ನೇ ಕಂಡಂತಾಯಿತು. ಆದರೆ ಅವರ ದೃಷ್ಟಿ ಮತ್ತೆ ಮತ್ತೆ ಮೇಲಣ ಕಾಗದದ ಹೂಗಳ ಕಡೆಗೇ ಹೋಗುತ್ತಿತ್ತು. ಅವುಗಳಲ್ಲಿ ಅತ್ಯಂತ ಹಳೆಯದಕ್ಕೆ ಎರಡೂವರೆ ಶತಮಾನಗಳಿಗೂ ಮಿಗಿಲಾದ ವಯಸ್ಸು. ಅಲ್ಲಿ ಒಂದು ಅಂಗಡಿಯ ಹೆಸರನ್ನು ಕಲ್ಪಿಸಿಕೊಳ್ಳಲು ಯತ್ನಿಸಿದರು. ಸಾಧ್ಯವಾಗಲಿಲ್ಲ. ನಾಚಿಕೆಯಾಯಿತು.

ಮರಳುವಾಗ ಸೇತುವೆಯ ಮೇಲೆ ಅವರು ಮತ್ತೆ ನಿಂತರು. ದೊಡ್ಡಿ ಖಾಲಿಯಾಗಿತ್ತು. ಮಗಳ ಮೇಲಿನ ಮಮತೆಯಿಂದ ತಾವು ದಾನಕ್ಕೆ ಕೈಹಾಕಿದ್ದು ನಿಜ. ಆ ಮಮತೆಯನ್ನೇ ಆಚೆ ದಡದಲ್ಲಿ ಕೂಡಿಹಾಕಿ, ಅದರ ಕೂಗಿನಿಂದ ಅಂಗಡಿಯ ಉಣ್ಣೆಯನ್ನು ತೊಳೆಯಿಸಿಕೊಳ್ಳಲು ಹೊರಟದ್ದೂ ನಿಜವೇ. ಎರಡೂ ಒಂದೇ ಮನಸ್ಸಿನಲ್ಲಿ ಅಕ್ಕಪಕ್ಕ ಇದ್ದವು. ಕುರಿಗಾಹಿಗಳಾದರೂ ತಮ್ಮ ಉದ್ದೇಶ ಉಣ್ಣೆಯೆಂದು ಮರೆಮಾಚಿದವರಲ್ಲ.

ಕಿಸೆಯಿಂದ ಹಾಳೆಯನ್ನು ತೆಗೆದು, ಕೆಳಗಿನ ಸಾಲನ್ನು ಹೊಡೆದುಹಾಕಿ, ಪತ್ನಿಯ ಕೈಗೆ ಕೊಟ್ಟರು. ಅವರು ಓದಿದರು. "ಅವಳ ಹೆಸರಿರಲಿ" ಎಂದರು. ಸ್ವಲ್ಪ ತಡೆದು, "ಅಕ್ಷರ ಚಿಕ್ಕದಿರಲಿ" ಎಂದು ಸೇರಿಸಿದರು. ಆ ಮೂರು ವರ್ಷಗಳಲ್ಲಿ ಮಗಳ ಕುರಿತು ಇಬ್ಬರೂ ಕೂಡಿ ಕೈಗೊಂಡ ಮೊದಲ ನಿರ್ಧಾರ ಅದು.

ಫಲಕಗಳೆಲ್ಲ ತ್ಯಾಜ್ಯವೆಂದು ಇದರಿಂದ ತಿಳಿಯಬೇಕಾಗಿಲ್ಲ. ದಾನಿಗಳ ಹೆಸರು ಮುಂದಿನವರಿಗೆ ಪ್ರೇರಣೆಯಾಗುವುದುಂಟು. ದತ್ತಿಯ ಲೆಕ್ಕಕ್ಕೆ ಸಾಕ್ಷಿಯಾಗುವುದೂ ಉಂಟು. ಆದರೆ ಅಗಲಿದವರ ಹೆಸರಿನಲ್ಲಿ ಕೊಡುವಾಗ, ಆ ಹೆಸರಿನ ಕೆಳಗೆ ಇನ್ನೇನನ್ನು ಬರೆಯಲು ಕೈ ತವಕಿಸುತ್ತಿದೆ ಎಂಬುದನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು. ಲೇಖನಿ ಹಿಡಿದಾಗಲೇ ಇದು ಸುಲಭ. ಕಲ್ಲಿಗೆ ಉಳಿ ಬಿದ್ದ ಮೇಲೆ ಕಷ್ಟ.